ಒಡ್ಡಿನ ಈಚೆ ಸಪ್ಪೆ, ಆಚೆ ಉಪ್ಪು

ಆಮ್‌ಸ್ಟರ್‌ಡಾಮಿನ ಕಾಲುವೆಗಳ ಬಗ್ಗೆ ಬರೆದವರು ಬೇಕಾದಷ್ಟು ಜನ. ಹೊನ್ನಾವರದ ಅಳಿವೆ ನೋಡುತ್ತ ಬೆಳೆದ ನನ್ನನ್ನು ನಿಲ್ಲಿಸಿದ್ದು ಆಫ್‌ಸ್ಲೌಟ್‌ಡೈಕ್. ಸಮುದ್ರಕ್ಕೆ ಅಡ್ಡಲಾಗಿ 1932ರಲ್ಲಿ ಕಟ್ಟಿ ಮುಗಿಸಿದ 32 ಕಿ.ಮೀ. ಉದ್ದದ ಒಡ್ಡು.

ಕಾರು ಓಡಿಸುತ್ತಿದ್ದವರು ಭಾವ. ಮಾತಿನ ಭರದಲ್ಲಿ, ನಾವು ಇಳಿಯಬೇಕಿದ್ದ, ಒಡ್ಡಿನ ನಡುವಿನ ಬ್ರೇಜಾಂಡ್‌ಡೈಕಿನ ತಿರುವು ತಪ್ಪಿತು. ಹೆದ್ದಾರಿಯಲ್ಲಿ ನಡುವೆ ತಿರುಗಿಸುವಂತಿಲ್ಲ. ಒಡ್ಡಿನ ಆ ತುದಿಯ ಹತ್ತಿರದ ಕೊರ್ನ್‌ವೆರ್ಡರ್‌ಜಾಂಡ್‌ವರೆಗೆ ಹೋಗಿ ವಾಪಸು ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಹೋಗುವವರು ಒಡ್ಡಿನ ಈ ತುದಿಯ ಡೆನ್ ಊವರ್ ದಾಟಿದ ಮೇಲೆ ಫಲಕದ ಮೇಲೇ ಕಣ್ಣಿಡಿ.

ರಸ್ತೆಯಿಂದ ಸಮುದ್ರ ಕಾಣುವುದಿಲ್ಲ, ಏರಿ ಮರೆಮಾಡುತ್ತದೆ. ಮೊದಲು ಈ ಕಡೆಯ ಐಸೆಲ್‌ಮೇರ್ ಸರೋವರದಲ್ಲಿ ಬೆರಳದ್ದಿ ನಾಲಗೆಗಿಟ್ಟೆ: ಸಪ್ಪೆ. ಏರಿ ಹತ್ತಿಳಿದು ವಾಡನ್ ಸಮುದ್ರದಲ್ಲಿ ಅದ್ದಿದೆ: ಉಪ್ಪು. ಎರಡರ ನಡುವೆ ನಾಲ್ಕು ಹೆಜ್ಜೆಯ ದೂರವಷ್ಟೇ ಎನಿಸಿ ಮೈ ಜುಂ ಎಂದಿತು.

ಈ ವ್ಯತ್ಯಾಸದಿಂದಲೇ ವಿದ್ಯುತ್ ತೆಗೆಯುವ ರೆಡ್‌ಸ್ಟಾಕ್ ಕಂಪನಿಯ ಪ್ರಾಯೋಗಿಕ ಘಟಕವನ್ನು ದೊರೆ ವಿಲ್ಲೆಮ್-ಅಲೆಕ್ಸಾಂಡರ್ 2014ರಲ್ಲಿ ಉದ್ಘಾಟಿಸಿದ್ದು ಇಲ್ಲೇ. ನಾವು ಹೊರಗಿನಿಂದಲೇ ನೋಡಿದೆವು.

"ಪೊರೆಗಳನ್ನ ಹಪ್ಪಳದ ಅಟ್ಟಿ ಥರ ಪೇರಿಸಿರ್ತಾರೆ," ಎಂದರು ಭಾವ. "ಒಂದು ಸಂದಿಯಲ್ಲಿ ಸಿಹಿನೀರು, ಪಕ್ಕದ್ರಲ್ಲಿ ಉಪ್ಪುನೀರು. ಒಂದು ಪೊರೆ ಉಪ್ಪಿನ ಸೋಡಿಯಂ ಅಯಾನು, ಅಂದ್ರೆ ವಿದ್ಯುದಾವೇಶ ಇರೋ ಕಣ, ದಾಟೋಕೆ ಬಿಡುತ್ತೆ, ಇನ್ನೊಂದು ಕ್ಲೋರೈಡ್ ಬಿಡುತ್ತೆ. ಎರಡೂ ಎದುರುಬದುರು ಹೊರಟ್ರೆ ಕರೆಂಟು. ನಾರ್ವೆಯ ಟೋಫ್ಟೆಯಲ್ಲಿ 2009ರಲ್ಲಿ ಬೇರೆ ದಾರಿ ಹಿಡಿದ್ರು. ಅಲ್ಲಿ ಸಿಹಿನೀರೇ ಪೊರೆ ದಾಟಿ ಉಪ್ಪಿನ ಕಡೆ ನುಗ್ಗೋದು, ಆ ಒತ್ತಡಕ್ಕೆ ಟರ್ಬೈನ್ ತಿರುಗೋದು. ಸಮುದ್ರದ ನೀರಿನ ಆ ಎಳೆತ ಸುಮಾರು 260 ಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ."

"ಭಾವ, ಜೋಗ 253 ಮೀಟರ್!"

"ಅದೇ ಮತ್ತೆ. ಶರಾವತಿ ಜೋಗದಲ್ಲಿ ಒಮ್ಮೆ ಧುಮುಕ್ತಾಳೆ, ನಿಮ್ಮೂರ ಅಳಿವೆಯಲ್ಲಿ ಇನ್ನೊಮ್ಮೆ. ಎರಡನೇದು ಕಣ್ಣಿಗೆ ಕಾಣಲ್ಲ."

ಎಷ್ಟೋ ಸಂಜೆ ಆ ಅಳಿವೆಯ ದಂಡೆಯಲ್ಲಿ ಕೂತಿದ್ದೇನೆ. ಇದೊಂದು ಹೊಳೆದಿರಲಿಲ್ಲ.

"ಹಾಗಾದ್ರೆ ಎಲ್ಲ ಕಡೆ ಯಾಕಿಲ್ಲ?"

"ಪೊರೆ ದುಬಾರಿ. ಪಾಚಿ, ಕೆಸರು ಕಟ್ಕೊಳ್ಳುತ್ತೆ. ಪಂಪುಗಳೇ ಅರ್ಧ ಕರೆಂಟು ತಿಂದ್ರೆ ಉಳಿಯೋದೇನು? ಟೋಫ್ಟೆಯಲ್ಲಿ ಸಿಕ್ಕಿದ್ದು ನಾಲ್ಕೇ ಕಿಲೋವ್ಯಾಟ್ ಆಸುಪಾಸು, 2013ರಲ್ಲಿ ಕೈಬಿಟ್ರು. ಜಪಾನಿನ ಫುಕುವೋಕಾದಲ್ಲಿ 2025ರಲ್ಲಿ ಶುರುವಾಗಿದ್ದು ಜಾಣತನದ್ದು. ಸಮುದ್ರದ ನೀರು ಸಿಹಿ ಮಾಡಿದ ಮೇಲೆ ಉಳಿಯೋ ಗಾಢ ಉಪ್ಪುನೀರನ್ನೇ ಬಳಸ್ತಾರೆ, ವ್ಯತ್ಯಾಸ ಹೆಚ್ಚು."

"ನಮ್ಮಲ್ಲಿ ಮಳೆಗಾಲದಲ್ಲಿ ಅಳಿವೆಯೆಲ್ಲ ಸಪ್ಪೆ ಆಗುತ್ತಲ್ಲ, ಆಗ?"

"ಆಗ ಉಪ್ಪುನೀರನ್ನ ದೂರದಿಂದ ತರಬೇಕು. ಇಲ್ಲಿ ನೋಡು, ಒಡ್ಡು ಎರಡನ್ನೂ ಬೆರೆಯೋಕೆ ಬಿಟ್ಟಿಲ್ಲ."

ಗಾಳಿಗೆ ಕಣ್ಣಲ್ಲಿ ನೀರು. ಇನ್ನೊಮ್ಮೆ ಏರಿ ಹತ್ತಿ ನಿಂತೆ. ಎರಡೂ ಕಡೆ ಒಂದೇ ಬೂದು ಬಣ್ಣ; ತುಟಿ ಸವರಿಕೊಂಡರೆ ಉಪ್ಪು.