‘ಒಂದೇ ಬಟನ್ ಸಾಕು’ ಅನ್ನೋರ ಪುಟದಲ್ಲಿ ಎಷ್ಟು ಬಟನ್?

ಡಿಜಿಟಲ್ ಮಾರ್ಕೆಟಿಂಗ್ ಕಲಿಸುವವರ ಮೊದಲ ಪಾಠ ಹೆಚ್ಚುಕಮ್ಮಿ ಇದೇ: ಒಂದು ಪುಟ, ಒಂದು ಮಾತು, ಒಂದು ಬಟನ್. ಪಾಠದಲ್ಲಿ ತಪ್ಪಿಲ್ಲ. ಆದರೆ ಆ ಪಾಠ ಮಾರೋಕೆ ಅವರೇ ಕಟ್ಟಿದ ಪುಟವನ್ನು ಫೋನಿನಲ್ಲಿ ತೆರೆದು ನೋಡಿ. ಹೇಳೋದು ಶಾಸ್ತ್ರ, ಹಾಕೋದು ಗಾಳ.

ಫೋನಿನ ಪರದೆಯ ಎತ್ತರ 640 ಪಿಕ್ಸೆಲ್ ಅಂದುಕೊಳ್ಳಿ. ಬ್ರೌಸರ್‌ನ ವಿಳಾಸದ ಪಟ್ಟಿಗೆ 56 ಹೋಯಿತು. ಮೇಲೆ ಅಂಟಿಕೊಂಡ ಲೋಗೋ ಪಟ್ಟಿಗೆ 64, ‘ಆಫರ್ ಮುಗಿಯಲು 14:59’ಕ್ಕೆ 48, ತಳದ ‘ಈಗಲೇ ಸೇರಿ’ಗೆ 72. ಉಳಿದದ್ದು 400. ಅದರ ಮೇಲೂ ವಾಟ್ಸ್ಆ್ಯಪ್ ಗುಂಡಿ, ಚಾಟ್ ಗುಂಡಿ, ನೋಟಿಫಿಕೇಶನ್ ಕಳಿಸಲೇ ಎಂದು ಕೇಳುವ ಪೆಟ್ಟಿಗೆ, ‘ಮೈಸೂರಿನಿಂದ ಒಬ್ಬರು ಈಗಷ್ಟೇ ಸೇರಿದರು’ ಅನ್ನುವ ಚೀಟಿ. ಕೋರ್ಸಿನಲ್ಲಿ ಏನಿದೆ ಅಂತ ಓದೋಕೆ ಅಂಗೈಯಗಲ ಜಾಗವೂ ಉಳಿಯೋದಿಲ್ಲ.

ಆ ಗಡಿಯಾರವನ್ನೇ ಸ್ವಲ್ಪ ಕೆದಕಿ. ಅದೇ ಪುಟವನ್ನು ಇನ್‌ಕಾಗ್ನಿಟೊ ವಿಂಡೋದಲ್ಲಿ ತೆರೆದಾಗ ಎಣಿಕೆ ಮತ್ತೆ 15:00ರಿಂದ ಶುರುವಾದರೆ ಗುಟ್ಟು ರಟ್ಟು. ಗಡುವು ಸರ್ವರ್‌ನಲ್ಲಿ ಇಲ್ಲ, ನೋಡುವವರ ಬ್ರೌಸರ್‌ನಲ್ಲಿ ಇದೆ. ಒಬ್ಬೊಬ್ಬರಿಗೆ ಒಂದೊಂದು ‘ಕೊನೇ ಅವಕಾಶ’. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಪಟ್ಟಿ ಮಾಡಿದ 13 ಡಾರ್ಕ್ ಪ್ಯಾಟರ್ನ್‌ಗಳಲ್ಲಿ (ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸದ ತಂತ್ರಗಳಲ್ಲಿ) ಸುಳ್ಳು ಅವಸರ ಹುಟ್ಟಿಸೋದೂ ಒಂದು. ಅಂದಮೇಲೆ ಇದು ಬರೀ ಅಂದಚೆಂದದ ಪ್ರಶ್ನೆಯಲ್ಲ.

ಗೊತ್ತಿದ್ದವರೇ ಹೀಗೇಕೆ ಮಾಡ್ತಾರೆ? ಸೇರಿಸಿದ್ದಕ್ಕೆ ಲೆಕ್ಕ ಸಿಗುತ್ತೆ, ತೆಗೆದಿದ್ದಕ್ಕೆ ಸಿಗೋದಿಲ್ಲ. ಪಾಪ್‌ಅಪ್ ಎಷ್ಟು ಫೋನ್ ನಂಬರ್ ತಂದುಕೊಟ್ಟಿತು ಅಂತ ಅದರ ಡ್ಯಾಶ್‌ಬೋರ್ಡ್ ತೋರಿಸುತ್ತೆ; ಅದನ್ನು ಕಂಡು ಪುಟ ಮುಚ್ಚಿದವರು ಎಷ್ಟು ಅಂತ ತೋರಿಸೋದಿಲ್ಲ. ಪುಟದ ಟ್ಯಾಗ್‌ಗಳನ್ನು, ಅಂದರೆ ಲೆಕ್ಕ ಇಡುವ ಸಣ್ಣ ಕೋಡ್ ತುಣುಕುಗಳನ್ನು, ನಿಭಾಯಿಸುವ ಟ್ಯಾಗ್ ಮ್ಯಾನೇಜರ್ ಒಳಗೆ ಇಣುಕಿದರೆ ಬಿಟ್ಟುಹೋದ ಏಜೆನ್ಸಿಯ ಟ್ಯಾಗ್ ಕೂಡ ನಿಷ್ಠೆಯಿಂದ ಓಡ್ತಾ ಇರುತ್ತೆ.

ಇವೆಲ್ಲ ಸೇರಿ ನಿಮ್ಮ ಪುಟವನ್ನು ಎಷ್ಟು ನಿಧಾನ ಮಾಡಿವೆ ಅಂತ ನೋಡೋಕೆ ಲ್ಯಾಪ್‌ಟಾಪ್‌ನ ಕ್ರೋಮ್ ಸಾಕು. ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಕ್ಯಾಶ್ (ಬ್ರೌಸರ್ ಮೊದಲೇ ಉಳಿಸಿಟ್ಟ ಪ್ರತಿ) ಆಫ್ ಮಾಡಿ, ವೇಗವನ್ನು ಸ್ಲೋ 4ಜಿಗೆ ಇಳಿಸಿ ಪುಟ ರೀಲೋಡ್ ಮಾಡಿ. ಪರದೆಯ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು. ಗೂಗಲ್ ‘ಚೆನ್ನಾಗಿದೆ’ ಅನ್ನೋದು ಇದಕ್ಕೆ. ಆಮೇಲೆ ಆ ಟ್ಯಾಬ್‌ನ ಪಟ್ಟಿಯಲ್ಲಿರುವ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಒಂದೊಂದೇ ಹೊರಗಿನ ಡೊಮೇನ್ (ಬೇರೆ ಸೈಟಿನ ವಿಳಾಸ) ಬ್ಲಾಕ್ ಮಾಡ್ತಾ, ಪ್ರತಿ ಸಲ ರೀಲೋಡ್ ಮಾಡ್ತಾ ಹೋಗಿ. ಎಲ್ಲವನ್ನೂ ಒಟ್ಟಿಗೆ ಬ್ಲಾಕ್ ಮಾಡಿದರೆ ಯಾವುದು ಭಾರ ಅಂತ ತಿಳಿಯೋದಿಲ್ಲ.

ಭಾರದ ಟ್ಯಾಗನ್ನು ಕೂಡಲೇ ಡಿಲೀಟ್ ಮಾಡಬೇಡಿ. ತಾತ್ಕಾಲಿಕವಾಗಿ ನಿಲ್ಲಿಸಿ, ಎರಡು ವಾರ ಬಿಡಿ. ‘ನನ್ನ ರಿಪೋರ್ಟ್ ಎಲ್ಲಿ’ ಅಂತ ಯಾರೂ ಕೇಳದಿದ್ದರೆ ತೆಗೆಯಿರಿ. ಹಣ ಬಂತು ಅಂತ ಜಾಹೀರಾತು ಖಾತೆಗೆ ತಿಳಿಸುವ ಟ್ಯಾಗ್ ಮಾತ್ರ ಮುಟ್ಟಬೇಡಿ. ಅದು ನಿಂತರೆ ಯಾವ ಜಾಹೀರಾತಿನಿಂದ ಮಾರಾಟ ಆಯಿತು ಅನ್ನೋದು ತಿಳಿಯದೆ ಆಟೊಮ್ಯಾಟಿಕ್ ಬಿಡ್ಡಿಂಗ್ (ಜಾಹೀರಾತಿನ ಜಾಗಕ್ಕೆ ತಾನೇ ಬೆಲೆ ಕೂಗುವ ವ್ಯವಸ್ಥೆ) ದಾರಿ ತಪ್ಪುತ್ತೆ.

ಫಾರ್ಮ್‌ಗೆ ಒಂದೇ ಪ್ರಶ್ನೆ: ಈ ಖಾನೆಯನ್ನು ಯಾರು ಓದ್ತಾರೆ? ಫೋನ್ ಮಾಡಿ ಮಾತಾಡೋದೇ ಆದರೆ ಹೆಸರು, ನಂಬರ್ ಸಾಕು. ಊರು, ಕೆಲಸ, ‘ಯಾವಾಗ ಶುರು ಮಾಡ್ತೀರಿ’, ಎಲ್ಲ ಮಾತಿನಲ್ಲೇ ಗೊತ್ತಾಗುತ್ತೆ.

ತಮಾಷೆ ಇರೋದು ಇಮೇಲ್‌ನಲ್ಲಿ. ‘ಚುಟುಕಾಗಿ ಬರೆಯಿರಿ’ ಅನ್ನುವ ಪತ್ರವೇ ಉದ್ದವಾಗಿ, ಜಿಮೇಲ್ ಅದನ್ನು ಅರ್ಧಕ್ಕೆ ಕತ್ತರಿಸಿರುತ್ತೆ. ಮಿತಿ 102 ಕೆಬಿ. ಕನ್ನಡಕ್ಕೆ ಅದು ಇನ್ನೂ ಬೇಗ ತುಂಬುತ್ತೆ: ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಚಿಹ್ನೆಗೆ 3 ಬೈಟ್, ‘ಸ್ತ್ರೀ’ ಅನ್ನೋ ಒಂದೇ ಅಕ್ಷರಕ್ಕೆ 18. ಆದರೂ ಬರಹದ ಪಾಲು ಸಣ್ಣದು. ಎಳೆದು ಕೂರಿಸುವ ಟೆಂಪ್ಲೇಟ್‌ಗಳು ಟೇಬಲ್ ಒಳಗೆ ಟೇಬಲ್ ತುರುಕಿ ಹುಟ್ಟಿಸುವ ಕೋಡೇ ನಿಜವಾದ ಭಾರ. ಕತ್ತರಿಗೆ ಮೊದಲು ಸಿಗೋದು ತಳದಲ್ಲಿರುವ ಅನ್‌ಸಬ್‌ಸ್ಕ್ರೈಬ್ ಲಿಂಕ್. ಅದು ಕಾಣದವರು ಸ್ಪ್ಯಾಮ್ ಒತ್ತುತ್ತಾರೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರ ಸ್ಪ್ಯಾಮ್ ದೂರು 0.3 ಶೇಕಡಾ ಮುಟ್ಟಬಾರದು ಅಂತ ಗೂಗಲ್ 2024ರ ಫೆಬ್ರವರಿಯಿಂದ ಪಟ್ಟು ಹಿಡಿದಿದೆ. ಸಾವಿರ ಪತ್ರಕ್ಕೆ ಮೂರು ಜನ ಸಿಟ್ಟಾದರೆ ಸಾಕು.