ಅಪ್ಪನ ಗಾಡಿಯ ಗುಟ್ಟು

ಬೆಳಿಗ್ಗೆಯಿಂದ ಅಪ್ಪನ ಹಳೇ ಮಾರುತಿ 800ರ ಬಾನೆಟ್ ಉಜ್ಜುತ್ತಿದ್ದೇನೆ. ಗ್ರೈಂಡರ್‌ಗೆ 80 ನಂಬರಿನ ಫ್ಲಾಪ್ ಡಿಸ್ಕ್ (ಉಜ್ಜುಕಾಗದದ ಪಟ್ಟಿ ಜೋಡಿಸಿದ ಚಕ್ರ), ಮೂಗಿಗೆ ಮಾಸ್ಕ್. ಒಂದೇ ಕಡೆ ಒತ್ತಿ ಹಿಡಿದರೆ ತಗಡು ಕಾದು ಸೊಟ್ಟಗಾಗುತ್ತದೆ, ಕೈ ಆಡಿಸುತ್ತಲೇ ಇರಬೇಕು. ಮೊದಲು ಕೆಂಪು ಬಣ್ಣ ಹೋಯ್ತು. ಅದರ ಕೆಳಗೆ ಬಿಳಿ, ಆಮೇಲೆ ಬೂದು ಪ್ರೈಮರ್. ಎಡಗಡೆ ಮಾತ್ರ ಅಂಗೈ ಅಗಲ ಪುಟ್ಟಿ, ಗುದ್ದಿದ ತಗ್ಗು ತುಂಬಿಸೋ ಲೇಪ! ಗಾಡಿಯನ್ನು ಎಲ್ಲೂ ತಾಗಿಸಿಯೇ ಇಲ್ಲ ಅಂತ ಅಪ್ಪ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದರು. ಒಂದು ಕೋಟ್ ಬಣ್ಣ ಎಷ್ಟೆಲ್ಲ ಮುಚ್ಚಿಡುತ್ತೆ ಅಲ್ವಾ? ಕರೆದು ತೋರಿಸಿದೆ. ಕನ್ನಡಕ ಏರಿಸಿ ನೋಡಿ, ಬೆರಳಲ್ಲಿ ಸವರಿ, ಮೆಲ್ಲಗೆ ಅಂದರು: "ನಿಮ್ಮಮ್ಮನಿಗೆ ಹೇಳಬೇಡ ಕಣೋ."

ಮೋಡ ಬೇರೆ ಕವಿದಿದೆ. ಬರೀ ತಗಡು ಬಿಟ್ಟರೆ ನಾಳೆಗೇ ತುಕ್ಕು. ಪ್ರೈಮರ್ ತರೋಕೆ ಹೊರಟೆ.