ದಮ್ಮಾಮ್ ಬಿಟ್ಟು ಬಂದದ್ದೇಕೆ ಎಂದು ಕೇಳುವವರಿಗೆ

“ಮನೆಯಲ್ಲಿ ಹೆಂಡತಿ ಇದ್ದಾಳಲ್ಲ, ನೀನೇಕೆ ಕೆಲಸ ಬಿಟ್ಟು ಬಂದೆ?” ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಉಮ್ಮನನ್ನು ನೋಡಿಕೊಳ್ಳಲು ಸೌದಿಯ ದಮ್ಮಾಮ್‌ನಿಂದ ಬಂಟ್ವಾಳಕ್ಕೆ ಮರಳಿದಂದಿನಿಂದ ಈ ಪ್ರಶ್ನೆಗೆ ನಗುನಗುತ್ತಲೇ ಉತ್ತರಿಸಿದ್ದೇನೆ. ಇನ್ನು ಆಗದು. ಉಮ್ಮ ಹೆತ್ತದ್ದು ನನ್ನನ್ನು, ನನ್ನ ಹೆಂಡತಿಯನ್ನಲ್ಲ.

ಮೊನ್ನೆ ಶುಕ್ರವಾರದ ಜುಮಾ ನಮಾಝ್ ಮುಗಿದ ಮೇಲೆ ಹಿರಿಯರೊಬ್ಬರು ನನ್ನನ್ನು ತಡೆದು ನಿಲ್ಲಿಸಿ, “ತಾಯಿಯ ಪಾದದಡಿ ಸ್ವರ್ಗವಿರುವುದು ನಿಜ, ತಿಂಗಳು ತಿಂಗಳು ದುಡ್ಡು ಕಳಿಸಿದರೂ ಅದು ಸಿಗುತ್ತದೆ” ಎಂದರು. ಆ ಮಾತು ಹುಟ್ಟಿದ ಸಂದರ್ಭವನ್ನೇ ಅವರು ಮರೆತಿದ್ದರು. ಯುದ್ಧಕ್ಕೆ ಹೊರಡುವ ಮುನ್ನ ಸಲಹೆ ಕೇಳಲು ಬಂದ ಅನುಯಾಯಿ ಜಾಹಿಮಾ ಅವರಿಗೆ ತಾಯಿ ಇದ್ದಾರೆಂದು ತಿಳಿದಾಗ ಪ್ರವಾದಿಯವರು (ಸ) ಹೇಳಿದ್ದು, ಅವರ ಬಳಿಯೇ ಇರು, ಸ್ವರ್ಗ ಅವರ ಪಾದಗಳ ಕೆಳಗಿದೆ ಎಂದು. ನಸಾಈ ಸಂಗ್ರಹದ ಈ ಹದೀಸ್‌ನಲ್ಲಿ, ಅಂದರೆ ಪ್ರವಾದಿ ವಚನದಲ್ಲಿ, “ಬಳಿಯೇ ಇರು” ಎಂಬುದು ಮೊದಲು ಬರುತ್ತದೆ.

ದುಡ್ಡು ಬೇಡವೆನ್ನುವುದಿಲ್ಲ, ಕೈಲಾಗದ ತಂದೆತಾಯಿಯ ಖರ್ಚು ಅನುಕೂಲವಿರುವ ಮಕ್ಕಳ ಮೇಲೆ ಕಡ್ಡಾಯವೇ. ಆದರೆ ಹೆತ್ತವರು ನಿನ್ನ ಬಳಿ ಮುಪ್ಪಿಗೆ ತಲುಪಿದರೆ ಅವರಿಗೆ “ಉಫ್” ಎಂದೂ ಅನ್ನಬೇಡ ಎನ್ನುತ್ತದೆ ಕುರ್‌ಆನಿನ 17ನೇ ಅಧ್ಯಾಯದ 23ನೇ ಸೂಕ್ತ. ದಮ್ಮಾಮ್‌ನಲ್ಲಿ ಕುಳಿತು ಫೋನಿನಲ್ಲಿ ಆ ಉದ್ಗಾರವನ್ನು ತಡೆಹಿಡಿಯಲು ನನಗೆ ಯಾವ ಪ್ರಯಾಸವೂ ಬೇಕಿರಲಿಲ್ಲ. ನಡುರಾತ್ರಿ ಮೂರನೆಯ ಸಲ ಹಾಸಿಗೆಯ ಬಟ್ಟೆ ಬದಲಿಸುವಾಗ ಅದು ನಾಲಗೆಯ ತುದಿಗೇ ಬಂದು ನಿಲ್ಲುತ್ತದೆ, ಸೂಕ್ತದ ತೂಕ ತಿಳಿಯುವುದು ಆಗಲೇ.

ಅತ್ತೆಯ ಸೇವೆ ಸೊಸೆಯ ಔದಾರ್ಯವೇ ಹೊರತು ಆಕೆಯ ಮೇಲಿನ ಕಡ್ಡಾಯವಲ್ಲ ಎಂಬುದು ಇಸ್ಲಾಮೀ ಕರ್ಮಶಾಸ್ತ್ರದ ವಿದ್ವಾಂಸರಲ್ಲಿ ಹೆಚ್ಚಿನವರ ನಿಲುವು. ನನ್ನವಳು ಆ ಔದಾರ್ಯವನ್ನು ವರ್ಷಗಟ್ಟಲೆ ತೋರಿದಳು. ಹಾಗಿದ್ದರೆ ಅವಳ ತಾಯಿಯನ್ನು ಯಾರು ನೋಡಿಕೊಳ್ಳುತ್ತಿದ್ದರು? ಈ ಪ್ರಶ್ನೆಯನ್ನು ಯಾರೂ ನನಗೆ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಪ್ರವಾದಿಯವರ ಆಪ್ತ ಸಂಗಾತಿ ಅಬೂಬಕರ್ ಅವರ ಮಗಳು ಅಸ್ಮಾ, ಇಸ್ಲಾಮ್ ಸ್ವೀಕರಿಸದ ತನ್ನ ತಾಯಿ ಮದೀನಾಕ್ಕೆ ಬಂದಾಗ ಅವರನ್ನು ಆದರಿಸಬಹುದೇ ಎಂದು ಕೇಳಿದ್ದಕ್ಕೆ, ತಾಯಿಯ ಸಂಬಂಧವನ್ನು ಕಾಪಾಡಿಕೋ ಎಂದೇ ಪ್ರವಾದಿಯವರು ಹೇಳಿದ್ದರು. ಮದುವೆಯಾದ ಮಗಳಿಗೂ ತಾಯಿಯ ಋಣವಿದೆಯೆಂದು ನನಗೆ ಹೊಳೆಯಲು ಉಮ್ಮ ಹಾಸಿಗೆ ಹಿಡಿಯಬೇಕಾಯಿತು.

ಈಗ ವಾರಕ್ಕೆರಡು ದಿನ ಅವಳು ಪುತ್ತೂರಿನ ತವರಿಗೆ ಹೋಗುತ್ತಾಳೆ. ಆ ದಿನಗಳಲ್ಲಿ ಗಂಜಿ ಬೇಯಿಸಿ, ಉಮ್ಮನಿಗೆ ಚಮಚದಲ್ಲಿ ಉಣಿಸಿ, ವುಝೂ (ನಮಾಝ್‌ಗೆ ಮುಂಚಿನ ಅಂಗಶುದ್ಧಿ) ಮಾಡಿಸಿ ಸಂಜೆಯ ಮಗ್ರಿಬ್ ನಮಾಝ್‌ಗೆ ಕುಳ್ಳಿರಿಸುವವನು ನಾನು.